ಲೈಬ್ರರಿ ಕಾರ್ಡಿನ ಹಿಂಬದಿ

ಕೇಳುಗರಿಗೆ ನಮಸ್ಕಾರ.

ಜಪಾನಿನ ಪ್ರೇಮದ ಸಿನಿಮಾಗಳಲ್ಲಿ 'ನೀನೆಂದರೆ ನನಗಿಷ್ಟ' ಅನ್ನೋ ಮಾತಿಗೆ ಕಾದು ಕೂತರೆ, ಎಷ್ಟೋ ಸಲ ಸಿನಿಮಾನೇ ಮುಗಿದುಹೋಗುತ್ತದೆ. ಆದರೂ ನಮ್ಮ ಕಣ್ಣು ತುಂಬಿರುತ್ತದೆ. ನಿರ್ದೇಶಕ ಶುಂಜಿ ಇವಾಯ್ ಅವರ 'ಲವ್ ಲೆಟರ್' ನನ್ನನ್ನು ಹಾಗೆ ಅಳಿಸಿದ ಸಿನಿಮಾ. ಬಂದದ್ದು 1995ರಲ್ಲಿ.

ಕೋಬೆ ಊರಿನ ಹಿರೊಕೊ ಮದುವೆಯಾಗಬೇಕಿದ್ದ ಹುಡುಗ ಬೆಟ್ಟ ಹತ್ತಲು ಹೋಗಿ ತೀರಿಕೊಂಡಿದ್ದಾನೆ. ಹೆಸರು ಫುಜಿಯಿ ಇತ್ಸುಕಿ. ಅವನ ಶಾಲೆಯ ಹಳೇ ಪುಸ್ತಕದಲ್ಲಿ ಅವಳಿಗೆ ಒತಾರು ಊರಿನ ಒಂದು ವಿಳಾಸ ಸಿಗುತ್ತದೆ. ಆ ಮನೆ ರಸ್ತೆಗೆ ಹೋಯಿತು ಅಂತ ಅವನ ತಾಯಿ ಹೇಳಿದ್ದಾರೆ. ಇಲ್ಲದ ಮನೆಗೆ, ಇಲ್ಲದವನಿಗೆ ಹಿರೊಕೊ ಪತ್ರ ಹಾಕುತ್ತಾಳೆ. ಹೇಗಿದ್ದೀಯಾ? ನಾನು ಚೆನ್ನಾಗಿದ್ದೀನಿ. ಇಷ್ಟೇ ಪತ್ರ.

ಉತ್ತರ ಬರುತ್ತದೆ! ಬರೆದವಳು ಅದೇ ಹೆಸರಿನ ಹುಡುಗಿ, ಅವನ ಕ್ಲಾಸಿನಲ್ಲೇ ಓದಿದವಳು. ಹಿರೊಕೊಗೆ ಸಿಕ್ಕಿದ್ದು ಇವಳ ವಿಳಾಸ. ನೋಡಲು ಥೇಟ್ ಹಿರೊಕೊ ಥರ. ಎರಡೂ ಪಾತ್ರ ಮಿಹೊ ನಕಯಾಮ ಅವರದ್ದೇ. ಅವನು ನನ್ನನ್ನು ನೋಡಿ ಇಷ್ಟಪಟ್ಟನೋ, ಅವಳ ಮುಖ ನೆನೆದು ಇಷ್ಟಪಟ್ಟನೋ? ಈ ಸಂಕಟ ಹಿರೊಕೊಗೆ ಅಂಟಿಕೊಳ್ಳುತ್ತದೆ. ಸತ್ತವನನ್ನು ಕೇಳೋದು ಹೇಗೆ, ಅಲ್ವಾ?

ಒಂದು ಬೆಳಗಿನ ಜಾವ, ಅವನು ಜೀವ ಬಿಟ್ಟ ಬೆಟ್ಟದೆದುರು, ಹಿಮದಲ್ಲಿ ನಿಂತು ಅವಳು ಕೂಗುತ್ತಾಳೆ. 'ಒಗೆಂಕಿ ದೆಸುಕಾ?' ಹೇಗಿದ್ದೀಯಾ? ಪತ್ರದಲ್ಲಿದ್ದ ಅದೇ ಮಾತು. ದಿನಾ ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಕೂಗಿ ಕೂಗಿ ದನಿ ಒಡೆಯುತ್ತದೆ. ದೊಡ್ಡ ಮಾತು ಆಡಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ. 1999ರಲ್ಲಿ ಸಿನಿಮಾ ದಕ್ಷಿಣ ಕೊರಿಯಾದಲ್ಲಿ ಬಿಡುಗಡೆಯಾದಾಗ, ಈ ಜಪಾನಿ ಮಾತು ಅಲ್ಲಿನವರ ನಾಲಿಗೆಯ ಮೇಲೂ ಕೂತುಬಿಟ್ಟಿತು.

ನನಗೆ ಇನ್ನೂ ಜಾಸ್ತಿ ಕಾಡುವುದು ಕೊನೆಯ ದೃಶ್ಯ. ಶಾಲೆಯಲ್ಲಿ ಆ ಹುಡುಗ ಯಾರೂ ಮುಟ್ಟದ ಪುಸ್ತಕಗಳನ್ನೇ ಹುಡುಕಿ ಲೈಬ್ರರಿಯಿಂದ ತೆಗೆದುಕೊಳ್ಳುತ್ತಿದ್ದ. ಪುಸ್ತಕದೊಳಗಿನ ಕಾರ್ಡಿನಲ್ಲಿ ಫುಜಿಯಿ ಇತ್ಸುಕಿ ಎಂದು ಬರೆಯುತ್ತಿದ್ದ. ಅದು ಅವನ ಹೆಸರೂ ಹೌದು, ಅವಳ ಹೆಸರೂ ಹೌದು. ಊರು ಬಿಡುವ ಮುಂಚೆ ಅವಳ ಮನೆಗೆ ಬಂದು, ಇದನ್ನು ಲೈಬ್ರರಿಗೆ ಕೊಟ್ಟುಬಿಡು ಅಂತ ಒಂದು ಪುಸ್ತಕ ಕೊಟ್ಟು ಹೋಗಿದ್ದ.

ಎಷ್ಟೋ ವರ್ಷಗಳ ಮೇಲೆ ಶಾಲೆಯ ಹುಡುಗಿಯರು ಆ ಪುಸ್ತಕ ಹಿಡಿದು ಅವಳ ಮನೆಗೆ ಬರುತ್ತಾರೆ. ಅವಳು ಕಾರ್ಡು ನೋಡುತ್ತಾಳೆ. ಅವನ ಕೈಬರಹದ ಹೆಸರು. ಹಿಂದೆ ನೋಡಿ, ಹಿಂದೆ, ಅಂತಾರೆ ಹುಡುಗಿಯರು. ತಿರುಗಿಸುತ್ತಾಳೆ. ಅಲ್ಲಿ ಪೆನ್ಸಿಲಿನಲ್ಲಿ ಬಿಡಿಸಿದ ಅವಳದ್ದೇ ಮುಖ, ಶಾಲೆಯ ದಿನಗಳ ಮುಖ.

ಹುಡುಗಿಯರು ನೋಡುತ್ತಾ ನಿಂತಿದ್ದಾರೆ. ಕಾರ್ಡನ್ನು ಬಚ್ಚಿಡಬೇಕು. ಏನೂ ಆಗದವಳಂತೆ ಏಪ್ರನ್ನಿನ ಮೇಲೆ ಕೈಯಾಡಿಸಿ ಜೇಬು ಹುಡುಕುತ್ತಾಳೆ. ಆ ಏಪ್ರನ್ನಿಗೆ ಜೇಬೇ ಇಲ್ಲ.