ಚಿಪ್ಪು ಹೇಳುವುದೊಂದು, ಡಿಎನ್‌ಎ ಹೇಳುವುದೊಂದು

(ತೆರೆಯ ಮೇಲೆ: ಒಂದೇ ನದಿಯ ಎರಡು ಕಪ್ಪೆಚಿಪ್ಪುಗಳು, ಒಂದು ಚಪ್ಪಟೆ, ಇನ್ನೊಂದು ಉಬ್ಬಿದ್ದು.)

ನಮಸ್ಕಾರ. ಈ ಎರಡು ಸಿಹಿನೀರಿನ ಕಪ್ಪೆಚಿಪ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇವು ಬೇರೆ ಬೇರೆ ಪ್ರಭೇದಗಳೆಂದೇ ತೋರುತ್ತದೆ. ಆದರೆ ನದಿಯ ಮೇಲ್ಭಾಗದ ಸಣ್ಣ ತೊರೆಗಳಲ್ಲಿ ಚಪ್ಪಟೆಯಾಗಿರುವ ಪ್ರಭೇದವೇ ಕೆಳಗಿನ ದೊಡ್ಡ ಹರಿವಿನಲ್ಲಿ ಉಬ್ಬಿದ ಚಿಪ್ಪನ್ನು ಹೊಂದಿರಬಹುದೆಂದು ಪ್ರಾಣಿಶಾಸ್ತ್ರಜ್ಞ ಆರ್ನಾಲ್ಡ್ ಆರ್ಟ್‌ಮನ್ 1920ರಲ್ಲೇ ವಿವರಿಸಿದ್ದರು. 19ನೇ ಶತಮಾನದಲ್ಲಿ ಆಕಾರವನ್ನೇ ನಂಬಿ ಹೆಸರಿಟ್ಟಿದ್ದರಿಂದ ಯುರೋಪಿನ ಕೆಲವು ಪ್ರಭೇದಗಳಿಗೆ ನೂರಾರು ಹೆಸರುಗಳು ಅಂಟಿಕೊಂಡವು.

ಡಿಎನ್‌ಎ ಬಂದ ಮೇಲೆ ಗೊಂದಲ ತಾನಾಗಿ ಬಗೆಹರಿಯಿತೆಂದುಕೊಳ್ಳಬೇಡಿ. ಪ್ರಾಣಿಗಳ ಗುರುತಿಗೆ ಸಾಮಾನ್ಯವಾಗಿ ಓದುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಉಳ್ಳ ಮೈಟೊಕಾಂಡ್ರಿಯದ ಸಿಒಐ ಎಂಬ ವಂಶವಾಹಿಯನ್ನು. ಬಹುತೇಕ ಪ್ರಾಣಿಗಳಲ್ಲಿ ಮೈಟೊಕಾಂಡ್ರಿಯ ತಾಯಿಯಿಂದ ಮಾತ್ರ ಬರುತ್ತದೆ. ಅನೇಕ ಸಿಹಿನೀರಿನ ಕಪ್ಪೆಚಿಪ್ಪುಗಳಲ್ಲಿ ಹಾಗಲ್ಲ: ತಾಯಿಯದು ಎಲ್ಲ ಮರಿಗಳಿಗೂ ಹೋದರೆ, ತಂದೆಯದು ಗಂಡುಮರಿಗಳಿಗೆ ಹೋಗಿ ಮುಖ್ಯವಾಗಿ ವೃಷಣದಲ್ಲಿ ನೆಲೆಸುತ್ತದೆ. ಈ ಎರಡು ವಂಶಾವಳಿಗಳು ಎಷ್ಟು ಹಿಂದೆಯೇ ಕವಲೊಡೆದಿವೆಯೆಂದರೆ, ಒಂದೇ ಗಂಡಿನ ಪಾದದಿಂದಲೂ (ತೆವಳಲು ಬಳಸುವ ಸ್ನಾಯು) ವೃಷಣದಿಂದಲೂ ತೆಗೆದ ಮಾದರಿಗಳನ್ನು ತಿಳಿಯದೆ ಹೋಲಿಸಿದವರಿಗೆ ಅವು ದೂರದ ಎರಡು ಪ್ರಭೇದಗಳಂತೆ ಕಂಡಾವು. ಆದ್ದರಿಂದಲೇ ಮಾದರಿಯನ್ನು ಪಾದದಿಂದಲೋ ಚಿಪ್ಪಿನೊಳಗಿನ ಮೇಲ್ಪದರದ ಅಂಚಿನಿಂದಲೋ ತೆಗೆಯುತ್ತಾರೆ, ಕೋಶಕೇಂದ್ರದ ಡಿಎನ್‌ಎಯನ್ನೂ ಓದುತ್ತಾರೆ.

ಇನ್ನು, ಎಷ್ಟು ವ್ಯತ್ಯಾಸವಿದ್ದರೆ ಎರಡು ಪ್ರಭೇದ? ಎಲ್ಲಕ್ಕೂ ಸಲ್ಲುವ ಒಂದು ಅಂಕಿಯಿಲ್ಲ. ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಪಯಣಿಸುವುದರಿಂದ, ಆ ಮೀನು ದಾಟದ ನದಿಕೊಳ್ಳವನ್ನು ಅವೂ ದಾಟಲಾರವು. ಹೀಗೆ ಬೇರ್ಪಟ್ಟ ಗುಂಪುಗಳಲ್ಲಿ ಸ್ವಲ್ಪ ವ್ಯತ್ಯಾಸ ಸಹಜವಾಗಿಯೇ ಕೂಡಿಕೊಳ್ಳುತ್ತದೆ. ಅದನ್ನೆಲ್ಲ ಪ್ರಭೇದದ ಗಡಿಯೆಂದು ಎಣಿಸುವುದು, ನನ್ನ ದೃಷ್ಟಿಯಲ್ಲಿ, ಚಿಪ್ಪಿನ ಕಾಲದ ತಪ್ಪನ್ನೇ ಹೊಸ ಉಪಕರಣದಿಂದ ಮಾಡಿದಂತೆ. ಮೈಟೊಕಾಂಡ್ರಿಯದ ಡಿಎನ್‌ಎ, ಕೋಶಕೇಂದ್ರದ ಡಿಎನ್‌ಎ, ಚಿಪ್ಪಿನ ಅಳತೆ, ಆಶ್ರಯ ನೀಡುವ ಮೀನು ಇವೆಲ್ಲ ಒಂದೇ ಕಡೆ ಬೊಟ್ಟು ಮಾಡಿದಾಗಲೇ ಗಡಿ ಗಟ್ಟಿ.

(ತೆರೆಯ ಮೇಲೆ: ಟೆಕ್ಸಸ್ ನದಿಗಳ ನಕ್ಷೆ.)

ಅಮೆರಿಕದಲ್ಲಿ ಈ ಗಡಿಗೆ ಕಾನೂನಿನ ತೂಕವಿದೆ. ಅಲ್ಲಿನ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಬೆನ್ನೆಲುಬಿರುವ ಪ್ರಾಣಿಗಳ ಒಂದು ಪ್ರತ್ಯೇಕ ಸಮುದಾಯಕ್ಕೂ ರಕ್ಷಣೆ ಕೊಡಬಹುದು. ಕಪ್ಪೆಚಿಪ್ಪಿಗೆ ಅದು ಸಿಗಬೇಕಾದರೆ ಪ್ರಭೇದ ಅಥವಾ ಉಪಪ್ರಭೇದವೆಂಬ ಹೆಸರೇ ಬೇಕು. 2011ರಲ್ಲಿ ರಕ್ಷಣೆಗೆ ಅರ್ಹವೆಂದು ಗುರುತಿಸಲಾಗಿದ್ದ ಗೋಲ್ಡನ್ ಆರ್ಬ್ ಮತ್ತು ಸ್ಮೂತ್ ಪಿಂಪಲ್‌ಬ್ಯಾಕ್ ಎಂಬ ಟೆಕ್ಸಸ್‌ನ ಕಪ್ಪೆಚಿಪ್ಪುಗಳು, 2018ರ ಅಧ್ಯಯನದಲ್ಲಿ ವ್ಯಾಪಕವಾಗಿ ಹರಡಿರುವ ಸೈಕ್ಲೋನಯಾಸ್ ಪಸ್ಟುಲೋಸಾ ಎಂಬ ಪ್ರಭೇದದೊಳಗೆ ಸೇರಿಹೋದವು. ಅದೇ ವರ್ಷ, ಅದೇ ಕುಲದ ಟೆಕ್ಸಸ್ ಪಿಂಪಲ್‌ಬ್ಯಾಕ್ ಇಬ್ಭಾಗವಾಗಿ, ಗ್ವಾಡಲೂಪ್ ನದಿಯಲ್ಲಿರುವುದಕ್ಕೆ ಸೈಕ್ಲೋನಯಾಸ್ ನೆಕಿ ಎಂಬ ಹೊಸ ಹೆಸರು ಬಂತು. ಇಬ್ಭಾಗವಾದಾಗ ಎರಡರ ನೆಲೆಯೂ ಮೊದಲು ಎಣಿಸಿದ್ದಕ್ಕಿಂತ ಕಿರಿದಾಯಿತು. 2024ರಲ್ಲಿ ಎರಡೂ ಅಳಿವಿನಂಚಿನ ಪಟ್ಟಿಗೆ ಸೇರಿದವು.