ಅಂಗೈ ಅಗಲದ ಪನಾಮಾ

ಕೇಳುಗರಿಗೆ ನಮಸ್ಕಾರ.

ನನ್ನ ಮುಂದೆ ಮೇಜಿನ ಮೇಲೆ ಒಂದು ಹಳೇ ಪೋಸ್ಟ್‌ಕಾರ್ಡು ಇದೆ. ನಿಮಗೆ ಕಾಣುವುದಿಲ್ಲ ಅಲ್ವಾ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರ್ಡಿನ ತುಂಬ ಪನಾಮಾ ಕಾಲುವೆಯ ಬಣ್ಣದ ಚಿತ್ರನಕ್ಷೆ. ಮೇಲೆ ಹಾರುವ ಹದ್ದಿಗೆ ಹೇಗೆ ಕಾಣುತ್ತದೋ ಹಾಗೆ ಬರೆದಿದ್ದಾರೆ. ಕೆಳಗಡೆ ಅಟ್ಲಾಂಟಿಕ್, ಮೇಲ್ಗಡೆ ಪೆಸಿಫಿಕ್, ನಡುವೆ ಹಸಿರು ಗುಡ್ಡಗಳು, ಆ ಗುಡ್ಡಗಳನ್ನು ಸೀಳಿಕೊಂಡು ಹೋದ ನೀಲಿ ಪಟ್ಟಿ. ಪಟ್ಟಿಯ ಮೇಲೆ ಇರುವೆ ಸಾಲಿನ ಹಾಗೆ ಪುಟ್ಟ ಹಡಗುಗಳು, ಹೊಗೆ ಬಿಡುತ್ತಾ ಹೊರಟಿವೆ. ಎಡಗಡೆ ತೆಳ್ಳಗೆ ಒಂದು ಕೆಂಪು ಗೆರೆ. ಅದು 1855ರಿಂದ ಓಡುತ್ತಿದ್ದ ಪನಾಮಾ ರೈಲು.

ಕಾರ್ಡು ತಿರುಗಿಸಿದರೆ ಒಂದು ಸೆಂಟಿನ ಹಸಿರು ಸ್ಟಾಂಪು. ಸ್ಟಾಂಪಿನಲ್ಲಿ ಬಾಲ್ಬೋವಾ ಮುಖ. 1513ರಲ್ಲಿ ಪನಾಮಾದ ಕಾಡು ದಾಟಿ ಹೋಗಿ ಪೆಸಿಫಿಕ್ ಕಂಡ ಸ್ಪೇನಿನವನು. ಅಂಚೆಮುದ್ರೆಯ ವರ್ಷ 1913. ಕಾಲುವೆ ತೆರೆದದ್ದು ಯಾವಾಗ ಗೊತ್ತಾ? 1914ರ ಆಗಸ್ಟ್ 15ಕ್ಕೆ. ಅಂದರೆ ಈ ಕಾರ್ಡಿನಲ್ಲಿ ತೇಲುತ್ತಿರುವ ಹಡಗುಗಳಲ್ಲಿ ಒಂದೂ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಆಗಬೇಕಾದ್ದನ್ನು ಆಗಿಹೋದ ಹಾಗೆ ಬರೆದು ಮನೆಮನೆಗೆ ಕಳಿಸುತ್ತಿದ್ದರು.

ಆ ಕಾಲದಲ್ಲಿ ಚಿತ್ರಕ್ಕೆ ಎಷ್ಟು ಬಲ ಇತ್ತು ಅನ್ನುವುದಕ್ಕೆ ಇದೇ ಕಾಲುವೆಯ ಇನ್ನೊಂದು ಕಥೆ ಹೇಳುತ್ತೇನೆ. 1902ರಲ್ಲಿ ಅಮೆರಿಕದ ಸೆನೆಟ್ ಮುಂದೆ ಕಾಲುವೆಗೆ ಎರಡು ದಾರಿಗಳಿದ್ದವು. ಒಂದು ನಿಕರಾಗುವಾ, ಇನ್ನೊಂದು ಪನಾಮಾ. ಹೆಚ್ಚಿನವರ ಒಲವು ನಿಕರಾಗುವಾ ಕಡೆಗೇ ಇತ್ತು. ಬ್ಯೂನೋ ವರಿಲ್ಲಾ ಅಂತ ಒಬ್ಬ ಫ್ರೆಂಚ್ ಎಂಜಿನಿಯರ್, ಪನಾಮಾದಲ್ಲಿ ಫ್ರೆಂಚರು ಕೈಹಾಕಿ ದಿವಾಳಿಯಾದ ಕೆಲಸದಲ್ಲಿ ದುಡಿದವನು, ವಾಷಿಂಗ್ಟನ್‌ನ ಸ್ಟಾಂಪ್ ಅಂಗಡಿಗಳನ್ನೆಲ್ಲ ಸುತ್ತಿ ನಿಕರಾಗುವಾದ್ದೇ ಒಂದು ಬಗೆಯ ಅಂಚೆಚೀಟಿಗಳನ್ನು ಕೊಂಡುತಂದ. ಅದರಲ್ಲಿ ಮೊಮೊಟೊಂಬೋ ಅನ್ನುವ ಜ್ವಾಲಾಮುಖಿ ಹೊಗೆ ಉಗುಳುತ್ತಾ ನಿಂತಿದೆ. ಒಬ್ಬೊಬ್ಬ ಸೆನೆಟರ್‌ಗೂ ಒಂದೊಂದು ಕಳಿಸಿದ. ಆ ದೇಶದವರೇ ಅಚ್ಚುಹಾಕಿದ ಸಾಕ್ಷಿ ನೋಡಿ! ಅದೇ ವರ್ಷದ ಮೇ ತಿಂಗಳಲ್ಲಿ ಮಾರ್ಟಿನೀಕ್ ದ್ವೀಪದ ಪೆಲೀ ಜ್ವಾಲಾಮುಖಿ ಸಿಡಿದು ಸುಮಾರು 30,000 ಜನ ಸತ್ತಿದ್ದರು, ಎಲ್ಲರ ಮನಸ್ಸಿನಲ್ಲೂ ಆ ಭಯ ಹಸಿಯಾಗಿಯೇ ಇತ್ತು. ಜೂನ್‌ನಲ್ಲಿ ಸೆನೆಟ್ ಪನಾಮಾಕ್ಕೆ ಮತ ಹಾಕಿತು. ಸ್ಟಾಂಪು ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅದರ ಪಾಲು ಚಿಕ್ಕದಲ್ಲ.

ಕಾರ್ಡಿಗೆ ವಾಪಸು ಬರೋಣ. ಕೆಳತುದಿಯ ಹತ್ತಿರ ಗಾಟೂನ್ ಅಂತ ಹೆಸರಿದೆ. ಅಲ್ಲಿ ಭೂತಗನ್ನಡಿ ಹಿಡಿದರೆ ಮೂರು ಪುಟ್ಟ ಮೆಟ್ಟಿಲು ಕಾಣುತ್ತವೆ. ಒಂದರ ಮೇಲೊಂದು ಮೂರು ಬಿಳೀ ಪೆಟ್ಟಿಗೆ ಇಟ್ಟ ಹಾಗೆ. ನನಗೆ ಇಡೀ ಕಾರ್ಡಿನಲ್ಲಿ ತುಂಬಾ ಇಷ್ಟವಾದ ಜಾಗ ಇದೇ. ಯಾಕಂದ್ರೆ ಪನಾಮಾ ಕಾಲುವೆ ಅಂದರೆ ಸುಮ್ನೆ ಒಂದು ಉದ್ದ ಹಳ್ಳ ತೋಡಿ ಎರಡು ಸಮುದ್ರ ಸೇರಿಸಿದರು ಅಂದುಕೊಳ್ಳುತ್ತೇವೆ. ಫ್ರೆಂಚರು 1881ರಲ್ಲಿ ಹೊರಟಿದ್ದು ಹಾಗೇ. ಗುಡ್ಡ ಕುಸಿಯಿತು, ಮಳೆಗಾಲದಲ್ಲಿ ಚಾಗ್ರೆಸ್ ನದಿ ಉಕ್ಕಿತು, ಹಳದಿ ಜ್ವರ ಸಾವಿರಾರು ಜನರನ್ನು ತಿಂದಿತು. 1889ಕ್ಕೆ ಕಂಪನಿ ಮುಳುಗಿತು.

1904ರಲ್ಲಿ ಬಂದ ಅಮೆರಿಕದವರು ಕೊನೆಗೆ ಆ ನದಿಗೇ ಅಣೆಕಟ್ಟು ಕಟ್ಟಿದರು. ಕಾಟ ಕೊಡುತ್ತಿದ್ದ ನೀರೇ ಕೆರೆಯಾಯಿತು, ಸಮುದ್ರಮಟ್ಟಕ್ಕಿಂತ 26 ಮೀಟರ್ ಮೇಲೆ. ಹಡಗು ಬಂದು ‘ಲಾಕ್’ ಅನ್ನುವ ಕಾಂಕ್ರೀಟಿನ ಕೋಣೆಯೊಳಗೆ ನಿಲ್ಲುತ್ತದೆ. ಗೇಟು ಮುಚ್ಚುತ್ತಾರೆ. ಮೇಲಿನ ಕೆರೆಯ ನೀರು ಕೊಳವೆಗಳಲ್ಲಿ ಇಳಿದು ಕೆಳಗಿನಿಂದ ತುಂಬುತ್ತದೆ, ಹಡಗು ತಾನಾಗೇ ಮೇಲೇಳುತ್ತದೆ. ಪಂಪು ಇಲ್ಲ, ಏನಿಲ್ಲ. ಮೂರು ಮೆಟ್ಟಿಲು ಹತ್ತಿ, ಕೆರೆ ದಾಟಿ, ಕುಲೇಬ್ರಾ ಗುಡ್ಡ ಕಡಿದ 13 ಕಿಲೋಮೀಟರ್ ಕಂದಕ ದಾಟಿ, ಪೆದ್ರೋ ಮಿಗೆಲ್‌ನಲ್ಲಿ ಒಂದು, ಮಿರಾಫ್ಲೋರೆಸ್‌ನಲ್ಲಿ ಎರಡು ಮೆಟ್ಟಿಲು ಇಳಿದರೆ ಪೆಸಿಫಿಕ್. ಇಷ್ಟನ್ನೂ ಆ ಚಿತ್ರಕಾರ ಅಂಗೈಯಷ್ಟು ಜಾಗದಲ್ಲಿ ತೋರಿಸಿದ್ದಾನೆ, ಒಂದು ಮೆಟ್ಟಿಲೂ ತಪ್ಪಿಲ್ಲ.

ಅಮೆರಿಕ ಸರ್ಕಾರದವರೇ ಇಲ್ಲಿ ತಪ್ಪಿದ್ದುಂಟು. ಬಾಲ್ಬೋವಾ ಸ್ಟಾಂಪಿನ ಜೊತೆಯದೇ ಎರಡು ಸೆಂಟಿನ ಸ್ಟಾಂಪಿಗೆ ಮೊದಲು ‘ಗಾಟೂನ್ ಲಾಕ್ಸ್’ ಅಂತ ಅಚ್ಚುಹಾಕಿದರು. ಆಮೇಲೆ ನೋಡಿದರೆ ಚಿತ್ರದಲ್ಲಿದ್ದದ್ದು ಪೆದ್ರೋ ಮಿಗೆಲ್‌ನ ಮಾದರಿ. ಎರಡು ಕೋಟಿಗೂ ಜಾಸ್ತಿ ಸ್ಟಾಂಪು ನಾಶಮಾಡಿ, ‘ಪನಾಮಾ ಕಾಲುವೆ’ ಅಂತಷ್ಟೇ ಹೆಸರಿಟ್ಟು ಮತ್ತೆ ಅಚ್ಚುಮಾಡಿದರು.

ಈ ಮೆಟ್ಟಿಲುಗಳೆಲ್ಲ ನಡೆಯುವುದು ಮಳೆಯಿಂದ. ಹಳೇ ಲಾಕ್‌ಗಳಲ್ಲಿ ಒಂದು ಹಡಗು ಆಚೆ ದಡ ಸೇರುವಷ್ಟರಲ್ಲಿ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ಬಿಡುವ ಹಡಗುಗಳ ಸಂಖ್ಯೆ ಇಳಿಸಬೇಕಾಯಿತು, ಎರಡೂ ಬಾಯಲ್ಲಿ ಹಡಗುಗಳು ಸರದಿ ನಿಂತವು. ಆ ಸುದ್ದಿ ಓದಿದ ದಿನ ಈ ಕಾರ್ಡು ತೆಗೆದು ನೋಡಿದೆ. ಕೆರೆಗೆ ಎಂಥಾ ಗಟ್ಟಿ ನೀಲಿ ಬಳಿದಿದ್ದಾರೆ! ಎಂದೂ ಬತ್ತುವುದಿಲ್ಲ ಅನ್ನುವ ನೀಲಿ.

ಇನ್ನೊಂದು ಮಾತು ಹೇಳದೆ ಇದನ್ನು ಮುಗಿಸುವುದಕ್ಕೆ ನನಗೆ ಮನಸ್ಸಿಲ್ಲ. ಕಾರ್ಡಿನಲ್ಲಿ ಹಡಗಿದೆ, ರೈಲಿದೆ, ತೆಂಗಿನ ಮರ ಕೂಡ ಇದೆ. ಮನುಷ್ಯರು ಮಾತ್ರ ಒಬ್ಬರೂ ಇಲ್ಲ. ಅಗೆದವರಲ್ಲಿ ಹೆಚ್ಚಿನವರು ಕೆರಿಬಿಯನ್ ದ್ವೀಪಗಳ ಕಪ್ಪು ಜನ. ಬಾರ್ಬಡೋಸ್ ಒಂದರಿಂದಲೇ ಸುಮಾರು 20,000 ಜನ ಕರಾರಿನ ಮೇಲೆ ಬಂದಿದ್ದರು. ಸಂಬಳಕ್ಕೆ ಎರಡು ಪಟ್ಟಿ ಇದ್ದವು. ಬಿಳಿಯ ಅಮೆರಿಕದವರಿಗೆ ಚಿನ್ನದ ಪಟ್ಟಿ, ಇವರಿಗೆ ಬೆಳ್ಳಿ ಪಟ್ಟಿ. ಊಟದ ಮನೆ, ವಸತಿ, ಅಂಚೆ ಕಚೇರಿಯ ಕಿಟಕಿ ಕೂಡ ಬೇರೆ ಬೇರೆ. ಅಮೆರಿಕದವರ ಲೆಕ್ಕದ ಪ್ರಕಾರವೇ ಆ ಹತ್ತು ವರ್ಷದಲ್ಲಿ ಸತ್ತವರು 5,609. ಅದರಲ್ಲಿ ಬಹುಪಾಲು ಬೆಳ್ಳಿ ಪಟ್ಟಿಯವರೇ.

ಈ ಕಾರ್ಡು ಹೊರಟ ವರ್ಷವೂ ಆ ಬೆಳ್ಳಿ ಪಟ್ಟಿಯವರು ಮನೆಗೆ ದುಡ್ಡು ಕಳಿಸುತ್ತಿದ್ದರು. ಬಾರ್ಬಡೋಸ್‌ನಲ್ಲಿ ಅದಕ್ಕೆ ‘ಪನಾಮಾ ದುಡ್ಡು’ ಅಂತಲೇ ಹೆಸರು. ತಲೆತಲಾಂತರದಿಂದ ಕಬ್ಬಿನ ತೋಟದ ಕೂಲಿಗಳಾಗಿದ್ದ ಎಷ್ಟೋ ಮನೆಯವರು ಆ ದುಡ್ಡಿನಲ್ಲಿ ಮೊದಲ ಸಲ ತಮ್ಮದೇ ಒಂದು ತುಂಡು ಜಮೀನು ಕೊಂಡರು.