ಉಪ್ಪು ಹೊಳೆಯ ನಾಲೆಗಳು, ನದಿಯ ಜನ

ರಾತ್ರಿ ಎರಡೂಕಾಲು. ವಿಡಿಯೊದಲ್ಲಿ ಕತ್ತಲೆ ಜಾಸ್ತಿ, ಸದ್ದು ಮಾತ್ರ ಕೇಳಿ. ಅದು ನೀರು.

ಇದು ಅಮೆರಿಕದ ಅರಿಜೋನಾ, ಫೀನಿಕ್ಸ್ ನಗರ. ಸುತ್ತ ಮರುಭೂಮಿ. ಗೆಳೆಯರ ಮನೆಯ ಹಿತ್ತಿಲಿಗೆ ನಾಲೆಯಿಂದ ನೀರು ಹಾಯುತ್ತಿದೆ. ವಾಲ್ವ್ ತಿರುಗಿಸಿ ಹತ್ತು ನಿಮಿಷ ಆಗಿಲ್ಲ, ಆಗಲೇ ಹುಲ್ಲು ಮುಳುಗಿದೆ. ಕಿತ್ತಳೆ ಗಿಡದ ಬುಡದಲ್ಲಿ ನೊರೆ ಸುತ್ತುತ್ತಿದೆ, ಒಣಗಿದ ಎಲೆಗಳು ತೇಲುತ್ತಿವೆ. ಸುತ್ತಲೂ ಗೇಣೆತ್ತರದ ಬದು. ಥೇಟ್ ನಮ್ಮ ಗದ್ದೆಯ ಮಡಿ, ಅಲ್ವಾ?

ನಾನು ಮದ್ದೂರು ಕಡೆಯವನು, ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಬೆಳೆದವನು. ಸರದಿ ಬಂದ ರಾತ್ರಿ ನಮ್ಮಪ್ಪ ಟಾರ್ಚು, ಗುದ್ದಲಿ ಹಿಡಿದು ಹೊರಡುತ್ತಿದ್ದರು. ಇಲ್ಲೂ ಸರದಿಯೇ. ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೊಮ್ಮೆ, ಅದು ನಡುರಾತ್ರಿಗೂ ಬರಬಹುದು. ನಾಲೆಯ ತೂಬು ನೋಡಿಕೊಳ್ಳುವವರಿಗೆ ಇಲ್ಲಿ ‘ಸಾಂಹೆರೊ’ ಅನ್ನುತ್ತಾರೆ. ಸ್ಪ್ಯಾನಿಷ್ ಮಾತು. ಕೇಳಿದ ಕೂಡಲೇ ನನಗೆ ನಮ್ಮ ನೀರುಗಂಟಿ ನೆನಪಾದರು.

ಈಗ ಬೆಳಗ್ಗೆ. ವಿಮಾನ ನಿಲ್ದಾಣದ ಹತ್ತಿರ ಹಳೆಯ ಮಣ್ಣಿನ ದಿಬ್ಬ, ಒಂದು ಮ್ಯೂಸಿಯಂ. ಪಕ್ಕದಲ್ಲಿ ತಗ್ಗಾಗಿ ಹೋಗಿರುವುದು ಕಾಣಿಸುತ್ತಿದೆಯಾ? ಸುಮ್ನೆ ನೋಡಿದರೆ ಹಳ್ಳ ಅನ್ನಿಸುತ್ತದೆ. ಅದು ನಾಲೆ. ಹೊಹೊಕಾಮ್ ಅಂತ ಕರೆಯುವ ಜನ ತೋಡಿದ್ದು. ಅವರ ಹತ್ತಿರ ಕಬ್ಬಿಣ ಇರಲಿಲ್ಲ, ಎತ್ತು ಇರಲಿಲ್ಲ. ಕೋಲು, ಕಲ್ಲಿನ ಹತಾರ, ಮಣ್ಣು ಹೊರುವುದಕ್ಕೆ ಬುಟ್ಟಿ, ಅಷ್ಟೇ. ಅದರಲ್ಲೇ ಉಪ್ಪು ಹೊಳೆಯ ಈ ಕಣಿವೆಯಲ್ಲಿ ನೂರಾರು ಮೈಲಿ ನಾಲೆ ತೋಡಿದರು. ಇಳಿಜಾರು ಜಾಸ್ತಿಯಾದರೆ ದಂಡೆ ಕೊಚ್ಚಿಹೋಗುತ್ತದೆ, ಕಮ್ಮಿಯಾದರೆ ಹೂಳು ತುಂಬುತ್ತದೆ. ನೆಲದ ಮಟ್ಟವನ್ನು ಅವರು ಎಷ್ಟು ಚೆನ್ನಾಗಿ ಅರಿತಿದ್ದರು ಅಂತ ನಾನು ಈ ದಂಡೆಯ ಮೇಲೆ ಬಹಳ ಹೊತ್ತು ಕೂತು ಯೋಚಿಸಿದ್ದೇನೆ. ಸುಮಾರು 1450ರ ಹೊತ್ತಿಗೆ ಆ ದೊಡ್ಡ ಊರುಗಳು ಖಾಲಿಯಾದವು.

1867ರಲ್ಲಿ ಜಾಕ್ ಸ್ವಿಲ್ಲಿಂಗ್ ಎಂಬುವನು ನಾಲೆ ಕಂಪನಿ ಕಟ್ಟಿದ. ಹಳೆಯ ನಾಲೆಗಳ ಜಾಡು ಹಿಡಿದು ಮತ್ತೆ ನೀರು ಹರಿಸಿದರು. ಊರು ಬೆಳೆಯಿತು. ಬೂದಿಯಿಂದ ಎದ್ದುಬರುವ ಹಕ್ಕಿಯ ಹೆಸರನ್ನೇ ಊರಿಗೆ ಇಟ್ಟರು: ಫೀನಿಕ್ಸ್.

ನನಗೆ ಆ ಹೆಸರು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಆ ಜನ ಬೂದಿಯಾಗಿರಲಿಲ್ಲ. ಇಲ್ಲಿಂದ ದಕ್ಷಿಣಕ್ಕೆ, ಹೀಲಾ ನದಿಯ ದಂಡೆಯಲ್ಲಿ ಅಕಿಮೆಲ್ ಓಧಮ್ ಜನ ಇದ್ದರು, ಈಗಲೂ ಇದ್ದಾರೆ. ಹೊಹೊಕಾಮರು ತಮ್ಮ ಹಿರಿಯರು ಅನ್ನುತ್ತಾರೆ. ಅಕಿಮೆಲ್ ಓಧಮ್ ಅಂದರೆ ನದಿಯ ಜನ. ನಾಲೆ ಕಟ್ಟಿ ಮುಸುಕಿನ ಜೋಳ, ಹುರುಳಿಯಂಥ ಕಾಳು, ಹತ್ತಿ, ಆಮೇಲೆ ಗೋಧಿ ಬೆಳೆದವರು. 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಗೆ ಹೊರಟ ಸಾವಿರಾರು ಜನ ದಾರಿಯಲ್ಲಿ ಇವರ ದವಸದಿಂದ ಹೊಟ್ಟೆ ತುಂಬಿಸಿಕೊಂಡರು.

ಆಮೇಲೆ ಮೇಲ್ಭಾಗದಲ್ಲಿ ಹೊಸಬರು ಬಂದು ನೆಲೆಸಿದರು, ನಾಲೆ ತೋಡಿದರು. ಕೆಳಗೆ ಹೀಲಾ ಬತ್ತಿತು. ಹೊಲ ಒಣಗಿತು, ಬರಗಾಲ ಬಂತು. ದವಸ ಮಾರುತ್ತಿದ್ದವರು ಮೆಸ್ಕೀಟ್ ಮರ ಕಡಿದು ಸೌದೆ ಮಾರಿದರು. ನಾಲೆಯ ಕೊನೇ ಭಾಗದಲ್ಲಿ ಹೊಲ ಇರುವ ನಮ್ಮೂರ ಯಾರನ್ನಾದರೂ ಕೇಳಿ, ಮೇಲಿನವರು ನೀರು ತಡೆದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು.

ಈ ಕಡೆ ಸಾಲ್ಟ್ ನದಿ, ಅಂದರೆ ಉಪ್ಪು ಹೊಳೆ. 1903ರಲ್ಲಿ ಇಲ್ಲಿನ ರೈತರು ಸಂಘ ಕಟ್ಟಿ, ತಮ್ಮ ಜಮೀನನ್ನೇ ಅಡವಿಟ್ಟು, ಸರ್ಕಾರದ ಹಣದಲ್ಲಿ ಅಣೆಕಟ್ಟು ಮಾಡಿಸಿಕೊಂಡರು. ರೂಸ್‌ವೆಲ್ಟ್ ಅಣೆಕಟ್ಟು ಉದ್ಘಾಟನೆಯಾಗಿದ್ದು 1911ರಲ್ಲಿ. ಅದೇ ವರ್ಷ ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು! ಈಗ ಸೇತುವೆ ಮೇಲಿಂದ ತೋರಿಸುತ್ತಿದ್ದೇನೆ, ನೋಡಿ. ಬರೀ ಮರಳು, ಕಲ್ಲು. ಮಳೆ ಜೋರಾಗಿ ಮೇಲಿಂದ ನೀರು ಬಿಟ್ಟಾಗ ಮಾತ್ರ ಇಲ್ಲಿ ಹೊಳೆ ಕಾಣುತ್ತದೆ. ಉಳಿದಂತೆ ನೀರೆಲ್ಲ ನಾಲೆಗೆ.

ನದಿಯ ಜನ ತಮ್ಮ ನೀರಿಗಾಗಿ ದಶಕಗಟ್ಟಲೆ ಹೋರಾಡಿದರು. 2004ರಲ್ಲಿ ಕಾನೂನು ಆಯಿತು. ವರ್ಷಕ್ಕೆ 6,53,500 ಎಕರೆ-ಅಡಿ ನೀರಿನ ಹಕ್ಕು. ನಮ್ಮ ಲೆಕ್ಕದಲ್ಲಿ ಸುಮಾರು 28 ಟಿಎಂಸಿ. ಕೆಆರ್‌ಎಸ್ ತುಂಬಿದರೆ 49 ಟಿಎಂಸಿ, ಅದರ ಅರ್ಧಕ್ಕಿಂತ ಜಾಸ್ತಿ. ಈ ಜನರಿಗೆ ಸಿಕ್ಕ ನೀರಲ್ಲಿ ದೊಡ್ಡ ಪಾಲು ದೂರದ ಕೊಲರಾಡೊ ನದಿಯದು. ಅವರ ಹೀಲಾ ಮೊದಲಿನ ಹಾಗೆ ಹರಿಯುತ್ತಿಲ್ಲ. ಆದರೆ ಹೊಲಗಳಲ್ಲಿ ಮತ್ತೆ ಹಸಿರು ಕಾಣುತ್ತಿದೆ.

ಇವು ಅವರ ಹೊಲದ ಟೆಪರಿ ಕಾಳು. ಹೆಸರುಕಾಳಿಗಿಂತ ಸ್ವಲ್ಪ ದಪ್ಪ, ಚಪ್ಪಟೆ. ಕಂದು ಒಂದು, ಬಿಳಿ ಒಂದು. ಕಮ್ಮಿ ನೀರಲ್ಲಿ, ಈ ಬಿಸಿಲಲ್ಲಿ ಬೆಳೆಯುತ್ತವೆ. ನಿನ್ನೆ ರಾತ್ರಿಯೇ ನೆನೆಹಾಕಿದ್ದೆ. ಬೇಯುವುದಕ್ಕೆ ಬಹಳ ಹೊತ್ತು ಬೇಕು. ಇವತ್ತು ಇದರಲ್ಲೇ ಉಪ್ಸಾರು. ಬಸಿದ ನೀರಿಗೆ ಖಾರ ಕದಡಿದೆ, ಮುದ್ದೆ ಕಟ್ಟಿಟ್ಟಿದ್ದೇನೆ. ಗೆಳೆಯರು ಕೈಕಾಲು ತೊಳೆದುಕೊಂಡು ಬರುತ್ತಿದ್ದಾರೆ.